ಬಿಡುವಿನ ಓದು: “ಆಮೇಲೇನಾಯಿತು?”

ಹೋದ ಸಂಚಿಕೆ ಕೈಸೇರಿದ ಮೇಲೆ ವಿಜಯವಾಡದ ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. “ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಕನ್ನಡ ಪುಸ್ತಕವನ್ನು ಮಾತ್ರ ಮುಟ್ಟುವುದಿಲ್ಲ. ದೊಡ್ಡ ದೊಡ್ಡ ಗ್ರಂಥಗಳನ್ನೆಲ್ಲ ತಂದಿಟ್ಟಿದ್ದೇವೆ. ಏನು ಮಾಡೋಣ?” ಎಂದು ಅವರ ಪ್ರಶ್ನೆ. ನಾವು ಪಂಡಿತರಲ್ಲ, ಬಿ.ಎ. ಮಾಡಿಕೊಂಡು, ಸರಕಾರಿ ಕಚೇರಿಯಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವ ಗುಮಾಸ್ತರು. ಆದರೂ ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದು ಈ ಪ್ರಶ್ನೆಗೆ ಉತ್ತರವಾದೀತೆಂದು ತೋರುವುದರಿಂದ ಅದನ್ನೇ ಇಲ್ಲಿ ಹೇಳುತ್ತೇವೆ.

ಆ ಸೋದರಿಯವರು ಮಾಡಿದ ತಪ್ಪನ್ನು ನಾವೂ ಮಾಡಿದ್ದೆವು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ವರ್ಷ, ಮಗಳ ಹುಟ್ಟುಹಬ್ಬಕ್ಕೆಂದು ಕಾರಂತರ ‘ಮರಳಿ ಮಣ್ಣಿಗೆ’ ತಂದುಕೊಟ್ಟೆವು. ಮೂರು ತಲೆಮಾರುಗಳ ಆ ಮಹಾಕಥೆಯನ್ನು ಹನ್ನೊಂದು ವರ್ಷದ ಹುಡುಗಿಗೆ! ಅದೂ ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಕಲಿಯುವ, ಕನ್ನಡದ ಅಕ್ಷರಗಳನ್ನೇ ಅರಿಯದ ಹುಡುಗಿಗೆ. ನಾಲ್ಕೇ ದಿನಗಳಲ್ಲಿ ಅದು ಟೇಬಲ್ ಫ್ಯಾನಿನ ಕೆಳಗೆ ಮಣೆಯಾಗಿ ಕುಳಿತಿತು. ನಮಗೆ ಬೇಸರವಾಯಿತು. ನಾಲ್ಕು ಮಾತು ಬೈದೂ ನೋಡಿದೆವು. ಬೈಗುಳದಿಂದ ಓದುವ ರುಚಿ ಹತ್ತೀತೆ?

ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ತಾಯಿಯವರು ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಕೆಲವು ವಾರ ಪುಸ್ತಕ ಹಿಡಿಯಬೇಡಿ ಎಂದು ವೈದ್ಯರು ಕಟ್ಟುನಿಟ್ಟು ಮಾಡಿದರು. ಊಟ ಬಿಟ್ಟರೂ ಓದು ಬಿಡದ ಜೀವ ಅದು. ರಾತ್ರಿ ನಾವು ಓದಿ ಹೇಳಲು ಕೂತರೆ ಕಚೇರಿಯ ದಣಿವಿಗೆ ಎರಡನೆಯ ಪುಟದಲ್ಲೇ ತೂಕಡಿಕೆ.

ಒಂದು ಮಧ್ಯಾಹ್ನ ತಾಯಿಯವರು ಚೀಲದಿಂದ ಪುಸ್ತಕವೊಂದನ್ನು ತೆಗೆದು ಮೊಮ್ಮಗಳ ಮುಂದೆ ಹಿಡಿದರು. “ಇದು ಯಾವ ಪುಸ್ತಕ ಅಂತಲಾದರೂ ಹೇಳೇ ಪುಟ್ಟಿ.” ಹುಡುಗಿ ತಡವರಿಸಿ, “ಪೆದ್ದ... ಚೆರುವಿನ...” ಎಂದು ಓದಿ ಕಿಸಕ್ಕನೆ ನಕ್ಕಳಂತೆ. “ಅಜ್ಜೀ, ಇದು ತೆಲುಗು! ಪೆದ್ದ ಚೆರುವು ಅಂದ್ರೆ ದೊಡ್ಡ ಕೆರೆ.” ಮುಂದಿನ ಪದದಲ್ಲಿ ಮಾತ್ರ ಸಿಕ್ಕಿಕೊಂಡಳು. “ಮೊದಲು ರಾ ಇದೆಯೇ? ಕೊನೆಗೆ ಸ ಇದೆಯೇ? ಹಾಗಾದರೆ ರಾಕ್ಷಸ ಕಣೇ!” ಎಂದರು ಅಜ್ಜಿ. ಕೆನೆತ್ ಆಂಡರ್ಸನ್ನನ ಇಂಗ್ಲಿಷ್ ಬೇಟೆಯ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಮಾಲೆಯ ‘ಪೆದ್ದಚೆರುವಿನ ರಾಕ್ಷಸ’ ಅದು. ನಮ್ಮ ಮಗಳು ತಾನಾಗಿ ಓದಿದ ಮೊದಲ ಕನ್ನಡ ಪುಸ್ತಕದ ಹೆಸರು ಅರ್ಧ ತೆಲುಗು!

ತೆಲುಗು ಅಕ್ಷರ ಬಲ್ಲ ಮಗುವಿಗೆ ಕನ್ನಡದ ಅಕ್ಷರಗಳು ದಾಯಾದಿಗಳಂತೆ. ಮುಖ ನೋಡಿದೊಡನೆ ಗುರುತು ಸಿಗುತ್ತದೆ. ಕ, ತ, ಶ ಮೊದಲಾದ ಕೆಲವು ಅಕ್ಷರಗಳಲ್ಲೂ ತಲೆಕಟ್ಟಿನಲ್ಲೂ ಅವಳು ಎಡವಿದಳು. ಮೊದಲ ದಿನ ಅರ್ಧ ಪುಟ ಸಾಗಲಿಲ್ಲ. ನಾಲ್ಕನೆಯ ದಿನ ಎರಡು ಪುಟವಾಯಿತು. ಅವಳು ಸಾಕೆಂದು ನಿಲ್ಲಿಸಿದರೆ ಅಜ್ಜಿ ಬಿಡಬೇಕಲ್ಲ! “ಆಮೇಲೇನಾಯಿತು ಅಂತ ತಿಳಿಯದೆ ನನಗೆ ನಿದ್ದೆ ಬರೋಲ್ಲವೇ.” ಎಂಟನೆಯ ದಿನ ನಾವು ಕಚೇರಿಯಿಂದ ಬರುವಾಗ ಅಜ್ಜಿ ಮಲಗಿದ್ದರು, ಹುಡುಗಿ ಕಿಟಕಿಯ ಬಳಿ ಕುಳಿತು ತನ್ನಷ್ಟಕ್ಕೆ ಓದುತ್ತಿದ್ದಳು. ಆಮೇಲೇನಾಯಿತೆಂದು ತಿಳಿಯಲು ಅವಳಿಗೂ ತಡೆಯಲಾಗಿರಲಿಲ್ಲ.

ಸೋದರಿಯವರ ಪ್ರಶ್ನೆಗೆ ನಮ್ಮ ಉತ್ತರ ಇದೇ. ಓದಿಗೆ ಎಳೆಯುವುದು ಗ್ರಂಥದ ತೂಕವಲ್ಲ, ಮುಂದೇನೆಂಬ ಕುತೂಹಲ. ಮೊದಲು ರುಚಿ ಹತ್ತಲಿ. ಘನವಾದವು ತಮ್ಮ ಸರದಿಗೆ ಬರಲಿ. ರಜೆಗಾಗಿ ನಮಗೆ ತೋಚಿದ ಕೆಲವು ಪುಸ್ತಕಗಳು ಇಲ್ಲಿವೆ.

ನಗು ಬೇಕಾದವರಿಗೆ ಗೊರೂರರ ‘ಹಳ್ಳಿಯ ಚಿತ್ರಗಳು’. 1930ರಲ್ಲಿ ಬಂದದ್ದಾದರೂ ಇಂದಿಗೂ ಹೊಟ್ಟೆ ಹುಣ್ಣಾಗಿಸುತ್ತದೆ. ಅವರದೇ ‘ಅಮೆರಿಕದಲ್ಲಿ ಗೊರೂರು’ ಪ್ರವಾಸಪ್ರಿಯರಿಗೆ. ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗಂತೂ ಅಲ್ಲಲ್ಲಿ ನಮ್ಮನ್ನೇ ಕಂಡಂತಾಗುತ್ತದೆ. ಬೀಚಿಯವರ ‘ತಿಮ್ಮನ ತಲೆ’ಯನ್ನು ನಾಲ್ಕು ಜನ ಕೂತು ಗಟ್ಟಿಯಾಗಿ ಓದಬೇಕು. ನಾ. ಕಸ್ತೂರಿಯವರ ‘ಅನರ್ಥಕೋಶ’ವನ್ನು ಎಲ್ಲಿ ತೆರೆದರೂ ಸರಿಯೇ. ಅವರ ಮನೆಮಾತು ಮಲಯಾಳ, ಕನ್ನಡದಲ್ಲಿ ನಗಿಸಿದರು. ಬೇರೆ ಮಾತಿನ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಧೈರ್ಯದ ಮಾತು ಬೇಡ.

ಪತ್ತೇದಾರಿಗೆ ಎನ್. ನರಸಿಂಹಯ್ಯನವರು. ಬಸ್ ಕಂಡಕ್ಟರಾಗಿ ದುಡಿದು, 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ನಮ್ಮ ತಾಯಿಯವರು ಹುಡುಗಿಯಾಗಿದ್ದಾಗ ಲೆಕ್ಕದ ಪುಸ್ತಕದೊಳಗೆ ಅಡಗಿಸಿ ಓದಿದರಂತೆ. ಒಂದೇ ಕೂರಿಕೆಯಲ್ಲಿ ಮುಗಿಸುವಂಥದು ಬೇಕಾದರೆ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಚಿಕ್ಕವರಿಗೆ ಅವರ ‘ಪರಿಸರದ ಕತೆ’. ಅದರಲ್ಲಿ ಬರುವ ಕಿವಿ ಎಂಬ ನಾಯಿಯನ್ನು ಮಕ್ಕಳು ಮರೆಯಲಾರರು.

ಸಂಸಾರದ ಕಥೆಗಳಿಗೆ ತ್ರಿವೇಣಿಯವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಬೆಳ್ಳಿ ಮೋಡ’ 1967ರಲ್ಲಿಯೂ ‘ಶರಪಂಜರ’ 1971ರಲ್ಲಿಯೂ ಚಲನಚಿತ್ರಗಳಾದವು. ಚಿತ್ರ ನೋಡಿದವರೂ ಪುಸ್ತಕ ಓದಬೇಕು. ಇತಿಹಾಸ ಬೇಕಾದವರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’, ಗಾತ್ರ ನೋಡಿ ಹೆದರಬೇಡಿ, ಚಿತ್ರದುರ್ಗದ ಕೋಟೆಯೊಳಗೆ ಒಮ್ಮೆ ಹೊಕ್ಕರೆ ಹೊರಗೆ ಬರಲು ಮನಸ್ಸಾಗದು.

ಇಲ್ಲಿಯ ನೆರೆಹೊರೆಯವರೊಡನೆ ಹಂಚಿಕೊಂಡು ಓದಲು ಯಂಡಮೂರಿ ವೀರೇಂದ್ರನಾಥರಿದ್ದಾರೆ. ಅವರ ತೆಲುಗು ‘ತುಳಸಿದಳಂ’ ಕನ್ನಡದಲ್ಲಿ ‘ತುಳಸಿದಳ’ವಾಗಿ ಎಷ್ಟೋ ಮನೆಗಳ ನಿದ್ದೆ ಕೆಡಿಸಿದೆ. ಪಕ್ಕದ ಮನೆಯವರು ತೆಲುಗಿನಲ್ಲಿ, ನೀವು ಕನ್ನಡದಲ್ಲಿ ಓದಿ, ಸಂಜೆ ಕಾಫಿಯ ಹೊತ್ತಿಗೆ ತಾಳೆ ನೋಡಬಹುದು. ರಾತ್ರಿ ಒಬ್ಬರೇ ಓದುವುದು ಬೇಡ!

ಇದನ್ನೆಲ್ಲ ಕೇಳಿದ ನಮ್ಮ ಮಿತ್ರರೊಬ್ಬರು, “ಪತ್ತೇದಾರಿ, ದೆವ್ವದ ಕಥೆಗಳಿಂದ ಭಾಷೆ ಉಳಿಯುತ್ತದೆಯೇ ಸ್ವಾಮಿ?” ಎಂದು ಮೂಗು ಮುರಿದರು. ಬಳ್ಳಾರಿ ಸೀಮೆಯ ಬೀಚಿಯವರು ಮೊದಲು ಕನ್ನಡವೆಂದರೆ ದೂರವಿದ್ದವರು, ಅ.ನ.ಕೃ. ಅವರ ‘ಸಂಧ್ಯಾರಾಗ’ವೆಂಬ ಒಂದು ಕಾದಂಬರಿ ಓದಿ ಕನ್ನಡಕ್ಕೆ ತಿರುಗಿದ್ದು ಹೆಸರಾದ ಸಂಗತಿ. ಯಾವ ಪುಸ್ತಕ ಯಾರ ಕೈ ಹಿಡಿಯುತ್ತದೆಂದು ಮೊದಲೇ ಹೇಳಬಲ್ಲವರು ಯಾರು? ನಮ್ಮ ಮಗಳ ಕೈ ಹಿಡಿದದ್ದು ಕಾಡಿನ ಕತೆ.

ಪುಸ್ತಕ ಸಿಗುವುದೆಲ್ಲಿ ಎಂದು ಕೇಳುವಿರಿ. ವಿಜಯವಾಡದ ಏಲೂರು ರಸ್ತೆಯ ಅಂಗಡಿಗಳಲ್ಲಿ ತೆಲುಗು ಪುಸ್ತಕಗಳ ಸುಗ್ಗಿ. ಕನ್ನಡದ್ದನ್ನು ಊರಿಗೆ ಹೋದಾಗಲೇ ಹೊತ್ತು ತರಬೇಕು. ಹಾಗೆ ತಂದದ್ದು ಒಂದು ಮನೆಯ ಕಪಾಟಿನಲ್ಲೇ ಧೂಳು ತಿನ್ನುವುದು ಏಕೆ? ಇದೇ ಕೃಷ್ಣಾ ಸೀಮೆಯಲ್ಲಿ 1935ರಲ್ಲಿ ಪಾತೂರಿ ನಾಗಭೂಷಣಂ ಅವರು ಪೆದವಡ್ಲಪೂಡಿಯಿಂದ ಕೊಲ್ಲಿಪರದವರೆಗೆ ಕಾಲುವೆಯಲ್ಲಿ ದೋಣಿಯ ಮೇಲೆ ಗ್ರಂಥಾಲಯ ನಡೆಸಿದರು. ನಮ್ಮ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಮನೆಮನೆಗೆ ತಿರುಗಿ ಮಾರಿದರು. ನಮಗೆ ದೋಣಿಯೂ ಬೇಡ, ತಲೆಹೊರೆಯೂ ಬೇಡ. ಒಂದು ಟ್ರಂಕು ಸಾಕು. ಪ್ರತಿ ಮನೆಯವರೂ ಓದಿ ಮುಗಿಸಿದ ಎರಡು ಪುಸ್ತಕ ಕೊಡಲಿ. ಮೂರು ತಿಂಗಳು ವಿಶಾಖಪಟ್ಟಣದಲ್ಲಿ, ಮೂರು ತಿಂಗಳು ವಿಜಯವಾಡದಲ್ಲಿ ಅದು ಇರಲಿ. ರೈಲಿನಲ್ಲಿ ಹೋಗಿ ಬರುವ ನಮ್ಮವರು ಯಾರಾದರೂ ಇದ್ದೇ ಇರುತ್ತಾರೆ. ಪಟ್ಟಿ ಬರೆದಿಡುವ ಕೆಲಸ ನಮ್ಮದು. ಗುಮಾಸ್ತರಿಗೆ ಅದೊಂದು ಬರುತ್ತದೆ.

ಕೊನೆಗೊಂದು ಮಾತು. ನಮ್ಮ ತಾಯಿಯವರು ಊರಿನಿಂದ ಈಗಲೂ ಕಾಗದವನ್ನೇ ಬರೆಯುತ್ತಾರೆ. ಇಷ್ಟು ವರ್ಷ ಅದನ್ನು ನಾವು ಮಗಳಿಗೆ ಓದಿ ಹೇಳುತ್ತಿದ್ದೆವು. ಅವಸರದಲ್ಲಿ ಅರ್ಧ ಬಿಟ್ಟೂ ಬಿಡುತ್ತಿದ್ದೆವು. ಹೋದ ತಿಂಗಳು ಬಂದ ಕಾಗದ ಅವಳ ಹೆಸರಿಗೇ ಇತ್ತು. ಅವಳೇ ಒಡೆದು ಓದಿದಳು. ನಾವು ಕೇಳಿದೆವು: “ಅಜ್ಜಿ ಏನು ಬರೆದಿದ್ದಾರಮ್ಮ?”

“ಅದು ನನಗೆ ಬರೆದದ್ದಪ್ಪ,” ಎಂದು ಮಡಿಸಿ ಇಟ್ಟುಕೊಂಡಳು.