ಬಸಿಗೊಳವೆಯ ನೀರೂ ಹಳ್ಳದ ಪಾಡೂ

ಜವುಗು ಹಿಡಿದ ಜಮೀನಿನಲ್ಲಿ ಮೂರು ನಾಲ್ಕು ಅಡಿ ಆಳಕ್ಕೆ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ, ಹೆಚ್ಚಿನ ನೀರನ್ನು ಬಸಿದು ಹಳ್ಳಕ್ಕೆ ಬಿಡುವ ಕ್ರಮದಿಂದ ಪೈರಿಗೆ ಆಗುವ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಬೇರಿಗೆ ಗಾಳಿ ದೊರೆಯುವುದು. ಮೇಲಕ್ಕೇರಿದ ಉಪ್ಪು ನೀರಿನೊಡನೆ ಇಳಿದು ಹೊರಬೀಳುವುದು. ಆದರೆ ಹಾಗೆ ಹೊರಬಿದ್ದ ನೀರು ಮುಂದೇನಾಗುವುದೆಂಬ ವಿಚಾರವನ್ನು ಭೂಮಾಲೀಕರು ಸಾಮಾನ್ಯವಾಗಿ ತಮ್ಮ ಬದುವಿನ ಬಳಿಯೇ ನಿಲ್ಲಿಸಿಬಿಡುವರು. ಇದು ಯುಕ್ತವಲ್ಲ.

ಈ ವಿಷಯದಲ್ಲಿ ಅಮೆರಿಕಾ ದೇಶದ ಅನುಭವವು ಗಮನಾರ್ಹವಾದುದು. ಸ್ಕಾಟ್ಲೆಂಡಿನಿಂದ ಹೋಗಿ ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಪಟ್ಟಣದ ಬಳಿ ಬೇಸಾಯ ಹೂಡಿದ ಜಾನ್ ಜಾನ್‌ಸ್ಟನ್ ಎಂಬಾತನು 1838ರಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೊಲದಲ್ಲಿ ಹೂಳಲು, ನೆರೆಯವರು ಮಡಕೆ ಕುಡಿಕೆ ಹೂಳುವವನೆಂದು ನಕ್ಕರಂತೆ. ಬೆಳೆಯನ್ನು ಕಂಡ ಮೇಲೆ ನಗು ನಿಂತಿತು. ಅನಂತರ ಅಯೋವಾ, ಇಲಿನಾಯ್, ಮಿನ್ನೆಸೋಟಾ ಸೀಮೆಗಳ ಜವುಗುನೆಲಗಳು ಮುಸುಕಿನ ಜೋಳದ ಹೊಲಗಳಾದವು.

ಅಲ್ಲಿನ ಹೊಳೆಗಳ ನಡೆ ಮಾತ್ರ ಬದಲಾಯಿತು. ಮಳೆಯಿಲ್ಲದ ದಿನಗಳಲ್ಲಿಯೂ ಕೊಳವೆಗಳು ಒಸರುತ್ತಿರುವುದರಿಂದ ಹೊಳೆಯ ಸಾಧಾರಣ ಹರಿವು ಹೆಚ್ಚುವುದು. ಪ್ರವಾಹದ ಮಾತು ಇಷ್ಟು ಸುಲಭವಲ್ಲ. ಜಿಗುಟು ಮಣ್ಣಿನ ಭೂಮಿ ಮೊದಲೇ ನೀರುಂಡು ತುಂಬಿದ್ದರೆ ಸುರಿದ ಮಳೆಯೆಲ್ಲ ಮೇಲೆಯೇ ಓಡುವುದು. ಬಸಿದ ಮೇಲೆ ಅದೇ ನೆಲದಲ್ಲಿ ತೆರಪಾಗಿ ಪ್ರವಾಹದ ಏರು ತಗ್ಗುವುದು. ನೀರನ್ನು ಸುಲಭವಾಗಿ ಇಂಗಿಸಿಕೊಳ್ಳುವ ಹಗುರ ಮಣ್ಣಿನಲ್ಲಿ ಇದಕ್ಕೆ ವಿರುದ್ಧ: ಮೆಲ್ಲನೆ ಹೊಳೆ ಸೇರಬೇಕಾದ ನೀರನ್ನು ಕೊಳವೆಯು ಬೇಗನೆ ತಂದು ಸುರಿಯುವುದು. ಬಸಿಯುವುದರಿಂದ ಪ್ರವಾಹ ಹೆಚ್ಚುವುದೆನ್ನುವವರೂ ತಗ್ಗುವುದೆನ್ನುವವರೂ ತಂತಮ್ಮ ಮಣ್ಣನ್ನು ಹೇಳದೆ ವಾದಿಸಿದರೆ ವಾದ ತೀರುವಂತಿಲ್ಲ.

ನೀರಿನ ಗುಣದ ವಿಷಯವಾಗಿ ಇಂತಹ ಸಂದೇಹವಿಲ್ಲ. ಅಯೋವಾದ ಡೆ ಮೊಯಿನ್ ನಗರವು ಕುಡಿಯುವ ನೀರಿನಿಂದ ನೈಟ್ರೇಟನ್ನು ತೆಗೆಯಲು ಪ್ರತ್ಯೇಕ ಯಂತ್ರಾಗಾರವನ್ನೇ ಕಟ್ಟಿಸಬೇಕಾಯಿತು. ಆ ನಗರದ ನೀರು ಸರಬರಾಜು ಸಂಸ್ಥೆಯು 2015ರಲ್ಲಿ ಮೇಲ್ಸೀಮೆಯ ಬಸಿಗಾಲುವೆ ಮಂಡಲಿಗಳ ಮೇಲೆ ದಾವೆ ಹೂಡಿತು. 2017ರಲ್ಲಿ ದಾವೆ ವಜಾ ಆಯಿತು. ನೈಟ್ರೇಟು ವಜಾ ಆಗಲಿಲ್ಲ.

ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿಗಳಲ್ಲಿ ಹೊರಬೀಳತಕ್ಕದ್ದು ಮುಖ್ಯವಾಗಿ ಉಪ್ಪು. 1953ರಲ್ಲಿ ಕಾಲುವೆಗೆ ನೀರು ಬಂದಂದಿನಿಂದ ಮೇಲ್ಭಾಗದವರು ಲಘು ನೀರಾವರಿಯ ಬೆಳೆಗಳನ್ನು ಬಿಟ್ಟು ಭತ್ತಕ್ಕೆ ಮನಸೋತರು. ಜವುಗೂ ಸವಳೂ ಹಿಂದೆಯೇ ಬಂದವು. ಈಗ ಅಲ್ಲಿ ಕೊಳವೆ ಹೂಳುವುದು ಆವಶ್ಯಕವೇ ಸರಿ. ಆದರೆ ಮೇಲಿನ ಊರಿನವರು ತೊಳೆದುಬಿಟ್ಟ ಉಪ್ಪನ್ನು ಕೆಳಗಿನ ಊರಿನವರು ಅದೇ ಹಳ್ಳಕ್ಕೆ ಯಂತ್ರವಿಟ್ಟು ಎತ್ತಿ ಪೈರಿಗೆ ಹಾಯಿಸುವುದಾದರೆ, ಒಂದು ಗ್ರಾಮದ ಸವಳನ್ನು ಮತ್ತೊಂದು ಗ್ರಾಮಕ್ಕೆ ವರ್ಗ ಮಾಡಿದಂತಾಗುವುದು, ಅಷ್ಟೆ.

ಆದುದರಿಂದ ಒಂದೇ ಹಳ್ಳದ ಮೇಲಿನ ಗ್ರಾಮಗಳ ಮುಖಂಡರು ಕೊಳವೆ ಹೂಳುವುದಕ್ಕೆ ಮುಂಚೆಯೇ ಕೂಡಿ, ನೀರನ್ನು ಎಲ್ಲಿ ಬಿಡತಕ್ಕದ್ದೆಂಬುದನ್ನು ಗೊತ್ತುಮಾಡಬೇಕು. ಕೆಳಗಿನ ಊರಿನವರ ಮಾತಿಗೆ ಆ ಕೂಟದಲ್ಲಿ ಸಮನಾದ ಬೆಲೆಯಿರಬೇಕು. ಕೊಳವೆಯ ಬಾಯಿಗೆ ಏರಿಸಿ ಇಳಿಸಬಹುದಾದ ತಡೆಯನ್ನು ಜೋಡಿಸಿದರೆ, ಹಳ್ಳ ತುಂಬಿ ಹರಿಯುವ ಮಳೆಗಾಲದಲ್ಲಿ ಉಪ್ಪುನೀರನ್ನು ಬಿಟ್ಟು, ಹಳ್ಳ ಬಡವಾಗುವ ಬೇಸಗೆಯಲ್ಲಿ ಹಿಡಿದಿಡಬಹುದು. ಇದಕ್ಕೆ ತಗಲುವ ವೆಚ್ಚ ಕೊಳವೆಗಳ ವೆಚ್ಚದ ಮುಂದೆ ಅಲ್ಪ. ಬೇಸಗೆಯಲ್ಲಿ ಹಳ್ಳದ ನೀರನ್ನು ಮೇಲೊಂದು ಕಡೆ, ಕೆಳಗೊಂದು ಕಡೆ ತೆಗೆದು ಪರೀಕ್ಷೆಗೆ ಕಳುಹಿಸುವ ಭಾರವನ್ನು ಕೆಳಗಿನ ಊರಿನವರಿಗೇ ವಹಿಸುವುದು ಮೇಲು. ಎಚ್ಚರವಾಗಿರಲು ಅವರಿಗೇ ಹೆಚ್ಚು ಕಾರಣವುಂಟು.