ಹರಕೆ ಮತ್ತು ಒಪ್ಪಿಗೆ ಪತ್ರ

ಮಗುವಿನ ಹೃದಯದಲ್ಲಿ ತೂತಿದೆ ಎಂದು ವೈದ್ಯರು ಹೇಳಿದರೆ, ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಅಂದೇ ಅರಿಶಿನದ ಬಟ್ಟೆಯಲ್ಲಿ ಕಾಸು ಸುತ್ತಿ ಮುಡಿಪು ಕಟ್ಟುತ್ತಾಳೆ. ಅಪ್ಪ ಸಾಲಕ್ಕೆ ಓಡಾಡುತ್ತಾನೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ, ಹರಕೆಯೇ ಮಗುವನ್ನು ಉಳಿಸಿತು ಎನ್ನುವವರೂ ಇದ್ದಾರೆ. ನಾನು ಕೇಳುವುದು ಇಷ್ಟೇ: ಆ ನಂಬಿಕೆ ಹೆತ್ತವರನ್ನು ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಕರೆತರುತ್ತದೆಯೋ, ಮನೆಯಲ್ಲೇ ಕೂರಿಸುತ್ತದೆಯೋ?

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷವಿರುತ್ತದೆ. ಕೆಳಕೋಣೆಗಳ ನಡುವಿನ ಗೋಡೆಯ ಸಣ್ಣ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಹರಕೆ ಹೊತ್ತ ಮನೆಯಲ್ಲೂ ಹೊರದ ಮನೆಯಲ್ಲೂ. ಹರಕೆ ಹೊತ್ತ ಮನೆಯ ಸುದ್ದಿ ಮಾತ್ರ ಊರೆಲ್ಲ ಹಬ್ಬುತ್ತದೆ. ಅದನ್ನು ಕೇಳಿ ಇನ್ನೊಬ್ಬರು ದೊಡ್ಡ ತೂತಿರುವ ಮಗುವನ್ನು ಇಟ್ಟುಕೊಂಡು ಕಾಯುತ್ತಾರೆ. ದೊಡ್ಡ ತೂತಿನಿಂದ ರಕ್ತ ಒತ್ತಡದಲ್ಲಿ ಶ್ವಾಸಕೋಶಕ್ಕೆ ನುಗ್ಗಿ ನುಗ್ಗಿ ಅಲ್ಲಿಯ ರಕ್ತನಾಳಗಳು ಗಡುಸಾಗುತ್ತವೆ. ಒಂದು ಹಂತ ದಾಟಿದ ಮೇಲೆ ತೂತು ಮುಚ್ಚುವುದೇ ಜೀವಕ್ಕೆ ಅಪಾಯ. ಹಾಗೆ ಕಾಯಿಸುವ ನಂಬಿಕೆಯನ್ನು ನಾನು ಒಪ್ಪಲಾರೆ.

ಥಿಯೇಟರಿನ ಬಾಗಿಲವರೆಗೆ ಕರೆತರುವ ನಂಬಿಕೆಯೂ ಇದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನ್ನಿಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಾಲ್ಟನ್ ಲಿಲೆಹೈ ಇಂಥ ತೂತು ಮುಚ್ಚಲು ಒಂದು ವರ್ಷದ ಕೂಸಿನ ಹೃದಯ ತೆರೆದರು. ಹೃದಯದ ಕೆಲಸ ವಹಿಸಿಕೊಳ್ಳುವ ಯಂತ್ರವನ್ನು ಆಗಿನ್ನೂ ನೆಚ್ಚುವಂತಿರಲಿಲ್ಲ. ಅಪ್ಪನೇ ಪಕ್ಕದಲ್ಲಿ ಮಲಗಿದ. ಅವನ ಶ್ವಾಸಕೋಶದಲ್ಲಿ ಶುದ್ಧವಾದ ರಕ್ತವೇ ಕೊಳವೆಯಲ್ಲಿ ಮಗುವಿಗೆ ಹರಿಯಿತು. ಆ ದಂಪತಿ ಇಂಥದೇ ಕಾಯಿಲೆಗೆ ಮಗಳೊಬ್ಬಳನ್ನು ಆಗಲೇ ಕಳೆದುಕೊಂಡಿದ್ದರು. ತೂತೇನೋ ಮುಚ್ಚಿತು, ಆದರೆ 11 ದಿನಗಳ ಬಳಿಕ ನ್ಯುಮೋನಿಯಾದಿಂದ ಮಗು ತೀರಿಕೊಂಡಿತು. ಆ ತಂದೆಯ ನಂಬಿಕೆ ಸೋತಿತೆಂದು ನನಗನ್ನಿಸುವುದಿಲ್ಲ. ಇನ್ನಷ್ಟು ಹೆತ್ತವರು ಮಕ್ಕಳನ್ನು ಅಲ್ಲಿಗೆ ತಂದರು. ಈ ವಿಧಾನದಲ್ಲಿ ಶಸ್ತ್ರಚಿಕಿತ್ಸೆಯಾದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಆ 28 ಮಂದಿಯ ಹೆತ್ತವರ ಪ್ರಾರ್ಥನೆ ಗಟ್ಟಿಯಾಗಿತ್ತು, ಉಳಿದವರದು ಸಾಲದಾಯಿತು ಎಂದು ಯಾರು ಹೇಳಬಲ್ಲರು?

ಇವತ್ತೂ ಐಸಿಯು ಹೊರಗಿನ ಬೆಂಚಿನ ಮೇಲೆ ಇಂಥದೇ ಲೆಕ್ಕ ನಡೆಯುತ್ತದೆ. "ಗ್ರಹಣದ ದಿನ ಆಚೆ ಬಂದಿದ್ದೇನಮ್ಮಾ?" "ಯಾವ ದೇವರ ಹರಕೆ ಬಾಕಿ ಇತ್ತು?" ಕೇಳುವವರು ಮರುಗಿಯೇ ಕೇಳುತ್ತಾರೆ, ಬಾಣಂತಿ ಅದನ್ನು ಜೀವಮಾನವಿಡೀ ಹೊರುತ್ತಾಳೆ. ಕೂಸಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ. ಹೆಚ್ಚಿನ ಮಕ್ಕಳಲ್ಲಿ ದೋಷಕ್ಕೆ ಇಂಥದೇ ಕಾರಣ ಎಂದು ವೈದ್ಯರೇ ಬೆರಳಿಟ್ಟು ತೋರಿಸಲಾರರು. ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ನಂಬಿಕೆ ಯಾವ ದೇವರಿಗೂ ಗೌರವ ತರುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನಡುಗುವ ಕೈಗೆ, ಮಗುವನ್ನು ನರ್ಸ್ ಕೈಗಿತ್ತ ಮೇಲಿನ ದೀರ್ಘ ಹೊತ್ತಿಗೆ, ವಿಜ್ಞಾನದ ಬಳಿ ಮದ್ದಿಲ್ಲ. ಅಲ್ಲಿ ದೇವರ ಹೆಸರು ಹಿಡಿದು ಕೂತವರನ್ನು ದಯವಿಟ್ಟು ಯಾರೂ ಹಂಗಿಸಬೇಡಿ. ಹರಕೆ ಹೊತ್ತವರೂ ಎಕೋ ಪರೀಕ್ಷೆಗೆ ವೈದ್ಯರು ಕೊಟ್ಟ ತಾರೀಕು ತಪ್ಪಿಸಬೇಡಿ. ಹಾಲು ಕುಡಿಯುವಾಗ ಬೆವರಿ ಸುಸ್ತಾಗುವ, ತುಟಿ ನೀಲಿಗಟ್ಟುವ ಕೂಸನ್ನು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳಿಗೆ ಹೃದಯದ ತಪಾಸಣೆಯೂ ಚಿಕಿತ್ಸೆಯೂ ಉಚಿತ.