ಹಿಡಿಗೆ ಬೇಕಾದ ಮರ

ಹೂವಿನಹಡಗಲಿಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಅಮೆರಿಕದ ಟೆಕ್ಸಾಸಿನಲ್ಲಿ ನೆಲಸಿ ಹಲವು ವರ್ಷಗಳಾದುವು. ಕಳೆದ ತಿಂಗಳು ಅವನಿಂದ ಬಂದ ಪತ್ರದಲ್ಲಿ ಕುಶಲ ಸಮಾಚಾರ ಎರಡು ಸಾಲು. ಉಳಿದ ಮೂರು ಪುಟ ಒಂದು ಪಿಸ್ತೂಲಿನ ವಿಚಾರ. ಆತ್ಮರಕ್ಷಣೆಗೆಂದು ತನ್ನ ಕೈಯಳತೆಗೆ ತಕ್ಕಂತೆ ಕುಶಲಕರ್ಮಿಯೊಬ್ಬನಿಂದ ಅದನ್ನು ಮಾಡಿಸುತ್ತಿದ್ದಾನಂತೆ. ನಳಿಗೆ ಯಾವುದು, ಗುರಿ ಹಿಡಿಯುವ ಮೊನೆ ಎಂಥದು, ಟ್ರಿಗರಿನ ಬಿಗಿ ಎಷ್ಟು, ಹೀಗೆ ಇಪ್ಪತ್ತು ಬಾಬತ್ತುಗಳ ಪಟ್ಟಿಯನ್ನು ಲಗತ್ತಿಸಿ ನನ್ನ ಅಭಿಪ್ರಾಯ ಕೇಳಿದ್ದ. ಮೇಷ್ಟರು ಕೇಳಿದ್ದಕ್ಕೂ ಕೇಳದ್ದಕ್ಕೂ ಅಭಿಪ್ರಾಯ ಹೇಳುವವರೆಂಬುದು ಅವನಿಗೆ ಅನುಭವದಿಂದ ಗೊತ್ತು.

ಕೊನೆಯಲ್ಲಿ ಎರಡು ಬೇಡಿಕೆಗಳಿದ್ದುವು. ಹಿಡಿಯ ಇಕ್ಕೆಲಗಳಿಗೆ ಹೊಂದಿಸಲು ಅವರ ಹೊಲದ ಬದುವಿನ ಹುಣಸೆಯ ಚೇಗು ಒಂದು ಗೇಣು ಕಳುಹಿಸಬೇಕು. ಉಕ್ಕಿನ ಪಕ್ಕೆಯ ಮೇಲೆ ಕನ್ನಡ ಅಕ್ಷರಗಳಲ್ಲಿ 'ಏಳುಕೋಟಿ' ಎಂದು ಕೊರೆಸಬಹುದೆ, ತಿಳಿಸಬೇಕು. ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಮೈಲಾರದ ಸೀಮೆಯಲ್ಲಿ ಹುಟ್ಟಿದವನಿಗೆ ಆಯುಧವೂ ದೈವವೂ ಒಟ್ಟಿಗೆ ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ.

ಪತ್ರವನ್ನು ಮೊದಲು ಓದಿದಾಗ ನಗು ಬಂತೆಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲ ಬರಲಿಲ್ಲ. ಅವನು ರಾತ್ರಿಯ ಪಾಳಿಯಲ್ಲಿ ದುಡಿಯುವವನು. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ಅದೇ ಬೀದಿಯ ಮನೆಯೊಂದಕ್ಕೆ ಕಳ್ಳರು ನುಗ್ಗಿದ್ದರಂತೆ. ಭಯಪಟ್ಟವನನ್ನು ದೂರದಲ್ಲಿ ಕುಳಿತು ಹಾಸ್ಯಮಾಡುವುದು ಸುಲಭ. ನಾನು ಬಾಲ್ಯ ಕಳೆದ ಗುಡೇಕೋಟೆಯ ಕಡೆ ಕರಡಿಗಳ ಕಾಟಕ್ಕೆಂದು, ಹಂದಿಗಳಿಂದ ಶೇಂಗಾ ಉಳಿಸಿಕೊಳ್ಳಲೆಂದು, ನಮ್ಮ ಸೋದರಮಾವ ಪರವಾನಗಿಯ ಬಂದೂಕೊಂದನ್ನು ಇಟ್ಟುಕೊಂಡಿದ್ದರು. ರಾತ್ರಿ ಹೊಲದ ಮಂಚಿಕೆಯ ಮೇಲೆ ಅದು ಪಕ್ಕದಲ್ಲಿದ್ದಾಗ ನಿದ್ರೆ ಚೆನ್ನಾಗಿ ಬರುತ್ತಿತ್ತೆಂಬುದನ್ನು ನಾನೂ ಬಲ್ಲೆ.

ಆದ್ದರಿಂದ ಪಟ್ಟಿಯನ್ನು ಗಂಭೀರವಾಗಿಯೇ ಓದಿದೆ. ಅವನು ಮೂಲವಾಗಿ ಆರಿಸಿಕೊಂಡದ್ದು ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಪಿಸ್ತೂಲು. 1985ರವರೆಗೆ ಅದೇ ಆ ಸೇನೆಯ ಮುಖ್ಯ ಪಿಸ್ತೂಲಾಗಿತ್ತು. ಅದರ ಹಿಡಿಯ ಬೆನ್ನಿನಲ್ಲೊಂದು ತಡೆಗೀಲು ಇದೆ. ಅಂಗೈ ಅದನ್ನು ಒತ್ತದ ಹೊರತು ಗುಂಡು ಹಾರದು. ಹೆಬ್ಬೆರಳಿಗೆ ಸಿಕ್ಕುವಂತೆ ಇನ್ನೊಂದು ತಡೆಗೀಲು ಬೇರೆ. ಇಂಥ ಯಂತ್ರವನ್ನು ಇಂದು ಬಿಡಿಭಾಗಗಳಾಗಿ ಕೊಂಡು, ಒಂದೊಂದನ್ನೂ ಅರದಿಂದ ಉಜ್ಜಿ, ಒಡೆಯನ ಕೈಗೆ ಹೊಂದಿಸಿಕೊಡುವವರು ಆ ದೇಶದಲ್ಲಿ ಇದ್ದಾರೆ. ಅದೊಂದು ಕಸುಬು, ಕಸುಬಿನ ಮರ್ಯಾದೆ ಅದಕ್ಕೂ ಸಲ್ಲಬೇಕು.

ಶಿಷ್ಯನ ಮೊದಲನೆಯ ಅಪೇಕ್ಷೆ, ನಳಿಗೆಯೂ ಅದರ ಮೇಲೆ ಜಾರುವ ಉಕ್ಕಿನ ಕವಚವೂ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕೂಡಿರಬೇಕು ಎಂಬುದು. ಹಾಗೆ ಬಿಗಿಯಾದಷ್ಟೂ ಗುರಿ ನಿಖರವಾಗುತ್ತದೆ, ನಿಜ. ಆದರೆ ಬಿಗಿಯಾದ ಯಂತ್ರ ಧೂಳನ್ನು ಸಹಿಸದು. ನಮ್ಮ ಕೊಟ್ಟೂರಿನ ಬಡಗಿಗಳು ಗಾಡಿಯ ಅಚ್ಚಿಗೂ ಗುಂಬಕ್ಕೂ ನಡುವೆ ಒಂದಿಷ್ಟು ಆಡುವ ಜಾಗ ಬಿಡುತ್ತಿದ್ದರು. ಕೆಂಪುಮಣ್ಣು ನುಗ್ಗಿದಾಗಲೂ ಗಾಲಿ ತಿರುಗಬೇಕು. ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವುದು ಗಾಡಿಯ ಕೆಲಸವಲ್ಲ. ಐವತ್ತು ಗಜದಾಚೆಯ ಕಾಗದಕ್ಕೆ ಗುರಿಯಿಡುವವನಿಗೆ ಬೇಕಾದುದು ಬೇರೆ, ಕತ್ತಲ ಪಡಸಾಲೆಯಲ್ಲಿ ಮೂರು ಮಾರಿನಾಚೆ ನಿಂತವನನ್ನು ಎದುರಿಸುವವನಿಗೆ ಬೇಕಾದುದು ಬೇರೆ. ಎರಡನೆಯವನಿಗೆ ಯಂತ್ರ ತಪ್ಪದೆ ನಡೆದರೆ ಸಾಕು.

ಟ್ರಿಗರಿನ ಮಾತು ಇದಕ್ಕಿಂತ ದೊಡ್ಡದು. ಕಾರ್ಖಾನೆಯಿಂದ ಬರುವಾಗ ಅದನ್ನೆಳೆಯಲು ಸುಮಾರು ಎರಡೂವರೆ ಕಿಲೋ ಬಲ ಬೇಕಾಗುತ್ತದಂತೆ. ಅದನ್ನು ಒಂದೂವರೆಗೆ ಇಳಿಸಬೇಕು, ಬೆನ್ನಿನ ತಡೆಗೀಲಿಗೂ ಒಂದು ಉಬ್ಬು ಕೊಟ್ಟು ಲಘುವಾದ ಹಿಡಿತಕ್ಕೇ ಬಿಟ್ಟುಕೊಳ್ಳುವಂತೆ ಮಾಡಬೇಕು ಎಂದು ಅವನ ಆಸೆ. ಹಗಲಿನಲ್ಲಿ, ಸಮಾಧಾನಚಿತ್ತದಲ್ಲಿ ಇದೆಲ್ಲ ಬೆಣ್ಣೆಯಂತೆ ಇದ್ದೀತು. ಆದರೆ ಈ ಆಯುಧವನ್ನು ಎತ್ತಿಕೊಳ್ಳುವ ಕೈ ಹಗಲಿನ ಕೈಯಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ಬೆರಳಿಗೆ ಸೂಕ್ಷ್ಮ ಉಳಿಯದು. ಬಾಗಿಲ ಬಳಿಯ ಆಕೃತಿ ಕಳ್ಳನೋ ನೀರು ಕುಡಿಯಲೆದ್ದ ಹೆಂಡತಿಯೋ ಎಂದು ತಿಳಿಯಲು ಅರೆಗಳಿಗೆ ಬೇಕು. ಆ ಅರೆಗಳಿಗೆಯನ್ನು ಕೊಡುವುದು ಬಿಗಿಯಾದ ಟ್ರಿಗರು. ಕುಶಲಕರ್ಮಿ ಉಜ್ಜಿ ತೆಗೆಯುವುದು ಲೋಹವನ್ನಲ್ಲ, ಈ ಅರೆಗಳಿಗೆಯನ್ನು ಎಂದು ನನಗನ್ನಿಸುತ್ತದೆ.

ಇನ್ನು ಕತ್ತಲಲ್ಲಿ ಮಿನುಗುವ ಟ್ರಿಟಿಯಂ ಮೊನೆಗಳು. ಅವುಗಳ ಬೆಳಕು ಸುಮಾರು 12 ವರ್ಷಕ್ಕೆ ಅರ್ಧವಾಗುತ್ತದೆ. ಇರಲಿ, ಉಪಯೋಗವುಂಟು. ಹಗುರವಾದ ಚೌಕಟ್ಟಿನ ಬಗೆಗೆ ಮಾತ್ರ ಒಂದು ಮಾತು: ಆಯುಧ ಹಗುರವಾದಷ್ಟೂ ಅದರ ಒದೆತ ಹೆಚ್ಚು. ನಮ್ಮ ದೇಶದಲ್ಲಿ 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ ಲಕ್ಷಕ್ಕೂ ಮಿಕ್ಕು. ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಹೆಣ್ಣಿಗೆ ಕೊಡುವುದು ಯಾವುದೇ ಆಗಲಿ, ಒಡವೆಯ ಪೆಟ್ಟಿಗೆಯಲ್ಲೇ ಇಡಬೇಕೆಂದು ನಮ್ಮವರಿಗೆ ಯಾರು ಹೇಳಿದರೋ!

ನಮ್ಮ ಕಡೆಯವರಿಗೆ ಇಂಥ ಪಟ್ಟಿ ಬರೆಯುವ ಪ್ರಸಂಗವೇ ಒದಗದು. 1959ರ ಆಯುಧ ಶಾಸನದಂತೆ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವುದಿರಲಿ, ಅದರ ನಳಿಗೆಯನ್ನು ಮೋಟು ಮಾಡುವುದೂ ಅಪರಾಧ. ಒಬ್ಬರಿಗೆ ಮೂರರವರೆಗೆ ಇದ್ದ ಅವಕಾಶವನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಚುನಾವಣೆ ಬಂತೆಂದರೆ ರೈತನ ಬಂದೂಕು ಠಾಣೆಗೆ ಹೋಗಿ ಕೂರುತ್ತದೆ. ಒಂದು ಕಾಲಕ್ಕೆ ಇದೇ ಸೀಮೆ ಶಸ್ತ್ರಗಳ ಸೀಮೆಯಾಗಿತ್ತು. ಹರಪನಹಳ್ಳಿಯಲ್ಲಿ, ಗುಡೇಕೋಟೆಯಲ್ಲಿ ಪಾಳೆಯಗಾರರಿದ್ದರು. 1800ರಲ್ಲಿ ನಿಜಾಮನ ಕೈಯಿಂದ ಬಳ್ಳಾರಿಯ ಪ್ರಾಂತ ಕಂಪನಿಗೆ ಬಂದಾಗ ಥಾಮಸ್ ಮನ್ರೋ ಮೊದಲು ಕೈಹಾಕಿದ್ದು ಪಾಳೆಯಗಾರರ ಶಸ್ತ್ರಬಲಕ್ಕೆ. ಜನರ ಕೈಯಿಂದ ಆಯುಧವನ್ನು ಕಿತ್ತುಕೊಂಡ ಬ್ರಿಟಿಷ್ ಶಾಸನವನ್ನು ಮುಂದೆ ಗಾಂಧೀಜಿಯವರೇ ಕಟುವಾಗಿ ಖಂಡಿಸಿದ್ದರೆಂಬುದು ಹಲವರಿಗೆ ಮರೆತುಹೋಗಿದೆ.

ಗಾಂಧೀಜಿಯವರ ಹೆಸರು ಬಂದುದು ಆಕಸ್ಮಿಕವಲ್ಲ. ಕೂಡ್ಲಿಗಿಯಲ್ಲಿ ಅವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಆ ಊರಿಗೆ ಹೋದಾಗಲೆಲ್ಲ ಅಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ; ಪತ್ರ ಬಂದ ವಾರವೂ ನಿಂತಿದ್ದೆ. ಆ ಭಸ್ಮದ ಹಿಂದೆ ಒಂದು ಪಿಸ್ತೂಲಿನ ಆಯ್ಕೆಯ ಕಥೆಯಿದೆ. 1948ರ ಜನವರಿ 20ರ ಸಂಚಿಗೆ ಮೊದಲು ಆ ಜನ ಪರೀಕ್ಷೆ ಮಾಡಿ ನೋಡಿದ ರಿವಾಲ್ವರುಗಳು ಸರಿಯಾಗಿ ನಡೆಯಲಿಲ್ಲವೆಂದು ಮೊಕದ್ದಮೆಯಲ್ಲಿ ಸಾಕ್ಷ್ಯ ಬಂತು. ಆ ದಿನದ ಯತ್ನ ವಿಫಲವಾಯಿತು. ಆಮೇಲೆ ಗೋಡ್ಸೆ ನಂಬಿಕೆಗೆ ತಕ್ಕ ಆಯುಧವನ್ನರಸಿ ಗ್ವಾಲಿಯರಿಗೆ ಹೋದ. ಅಲ್ಲಿ ದೊರೆತದ್ದು ಇಟಲಿಯ ಬೆರೆಟ್ಟಾ, 1934ರ ಮಾದರಿ. ಚಿಕ್ಕದು, ಜೇಬಿನಲ್ಲಿ ಅಡಗುವಂಥದು, ಅಡಚಿಕೊಳ್ಳದೆ ನಡೆಯುವಂಥದು. ಜನವರಿ 30ರ ಸಂಜೆ ಅದು ಮೂರು ಸಲವೂ ತಪ್ಪದೆ ನಡೆಯಿತು.

ನನ್ನ ಶಿಷ್ಯನ ಪಟ್ಟಿಯಲ್ಲಿರುವ ಗುಣಗಳು ಇವೇ ಅಲ್ಲವೆ? ಅಡಗಿರಬೇಕು, ಥಟ್ಟನೆ ಕೈಗೆ ಬರಬೇಕು, ಕೈಕೊಡಬಾರದು. ಆತ್ಮರಕ್ಷಣೆಯ ಪಿಸ್ತೂಲು ಎನ್ನುತ್ತೇವೆ. ಆದರೆ ರಕ್ಷಣೆ ಎಂಬ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಹೀಗೆಂದ ಮಾತ್ರಕ್ಕೆ ಅವನನ್ನು ಕೊಲೆಗಾರನ ಪಕ್ಕದಲ್ಲಿ ನಿಲ್ಲಿಸಿದೆನೆಂದು ಯಾರೂ ತಿಳಿಯಬಾರದು. ಇರುವೆಗೂ ದಾರಿ ಬಿಟ್ಟು ನಡೆಯುತ್ತಿದ್ದ ಹುಡುಗ ಅವನು.

'ಓಬವ್ವನ ನಾಡಿನವನು ಕೈಕಟ್ಟಿ ಕುಳಿತಿರಬೇಕೆ?' ಎಂದು ಪತ್ರದಲ್ಲೊಂದು ಸವಾಲೂ ಇತ್ತು. ಓಬವ್ವ ಗುಡೇಕೋಟೆಯ ಮಗಳೆಂದು ನಮ್ಮ ಕಡೆಯವರ ನಂಬಿಕೆ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳಿದಾಗ ಅವಳ ಕೈಗೆ ಬಂದದ್ದು ಒನಕೆ. ಅದನ್ನು ಯಾರೂ ಅವಳ ಅಳತೆಗೆಂದು ಮಾಡಿಸಿರಲಿಲ್ಲ; ದಿನವೂ ಕುಟ್ಟಿ ಕುಟ್ಟಿ ಕೈಗೆ ಹೊಂದಿಕೊಂಡಿತ್ತು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮರುದಿನ ಆ ಒನಕೆಯನ್ನು ಅಡುಗೆಮನೆಯ ಮೂಲೆಗೆ ಒರಗಿಸಿಟ್ಟಿದ್ದರೆ ಯಾವ ಮಗುವಿಗೂ ಅದರಿಂದ ಅಪಾಯವಿರಲಿಲ್ಲ. ಪಿಸ್ತೂಲಿಗೆ ಈ ಗುಣವಿಲ್ಲ. ಅದು ಒಂದು ರಾತ್ರಿಯ ಉಪಯೋಗಕ್ಕಾಗಿ ಸಾವಿರಾರು ಹಗಲು ಮನೆಯಲ್ಲಿರಬೇಕಾದ ವಸ್ತು. ಆ ಸಾವಿರಾರು ಹಗಲು ಅದು ಎಲ್ಲಿರುತ್ತದೆ, ಬೀಗದ ಕೈ ಯಾರ ಬಳಿ, ಗುಂಡುಗಳು ಎಲ್ಲಿ, ಇದರ ಬಗೆಗೆ ಇಪ್ಪತ್ತು ಬಾಬತ್ತುಗಳಲ್ಲಿ ಒಂದಾದರೂ ಇರಲಿಲ್ಲ. ನಮ್ಮ 2016ರ ಆಯುಧ ನಿಯಮಗಳು ಅರ್ಜಿದಾರನಿಂದ ತರಬೇತಿಯನ್ನೂ ಭದ್ರವಾಗಿರಿಸುವ ಭರವಸೆಯನ್ನೂ ಕೇಳುತ್ತವೆ. ಸರಕಾರಿ ನಮೂನೆಯ ಕಾಗದ ಹೃದಯವಂತನಾದ ತಂದೆಗಿಂತ ಮುಂದಾಲೋಚನೆಯದಾಗಿರುವುದು ಅಪರೂಪ; ಇಲ್ಲಿ ಹಾಗಾಗಿದೆ.

ನಮ್ಮ ಸೋದರಮಾವ ಬಂದೂಕನ್ನು ಮಾಡದ ಮೇಲೆ, ಮದ್ದನ್ನು ಅತ್ತೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಎರಡೂ ಕೂಡಬೇಕಾದರೆ ಗಂಡಹೆಂಡಿರಿಬ್ಬರೂ ಎಚ್ಚರಾಗಬೇಕಿತ್ತು. ಕರಡಿ ಬಂದಾಗ ಇದರಿಂದ ತಡವಾಗುತ್ತಿತ್ತು, ಮಾವ ಗೊಣಗುತ್ತಿದ್ದರು, ಆದರೂ ಏರ್ಪಾಟು ಬದಲಾಗಲಿಲ್ಲ.

ಶಿಷ್ಯನಿಗೆ ಇಷ್ಟನ್ನೂ ಬರೆದೆ. ಟ್ರಿಗರನ್ನು ಇದ್ದಂತೆಯೇ ಬಿಡು, ತಡೆಗೀಲನ್ನು ಮುಟ್ಟಿಸಬೇಡ, ಮಿಕ್ಕ ಹಣದಲ್ಲಿ ಗಟ್ಟಿಯಾದ ಉಕ್ಕಿನ ಪೆಟ್ಟಿಗೆಯೊಂದನ್ನು ಕೊಂಡುಕೊ, ಮಗಳ ಎತ್ತರ ಪ್ರತಿವರ್ಷ ಬೆಳೆಯುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊ ಎಂದೆ. 'ಏಳುಕೋಟಿ' ಬೇಡವೆಂದೆ. ದೇವರ ಹೆಸರು ಕೊರೆದ ಆಯುಧ ತನ್ನ ಒಡೆಯನಿಗೆ ಇಲ್ಲದ ಧೈರ್ಯವನ್ನು ತುಂಬೀತು.

ಮರದ ಮಾತಿಗೆ ಮಾತ್ರ ಉತ್ತರ ಬರೆಯಲಾಗಲಿಲ್ಲ. ಅವರ ಹೊಲದ ಬದುವಿನಲ್ಲಿ ಬಿದ್ದ ಕೊಂಬೆಯೊಂದರಿಂದ ಚೇಗು ತೆಗೆಸಿ ಕೊಟ್ಟೂರಿನ ಬಡಗಿಯ ಬಳಿಗೆ ಒಯ್ದಿದ್ದೆ. ಅವನು ಅದನ್ನು ಕೈಯಲ್ಲಿ ತೂಗಿ, ಕರಿಗೆಂಪಿನ ಎಳೆಯನ್ನು ಬೆರಳಿನಿಂದ ಸವರಿ, ಒನಕೆಗೂ ಆಗುವಂಥ ಮರವೆಂದು ಹೊಗಳಿ, 'ಯಾವುದಕ್ಕೆ ಹಿಡಿ, ಮೇಷ್ಟ್ರೆ? ಕುಡುಗೋಲಿಗೋ ಬಾಚಿಗೋ?' ಎಂದು ಕೇಳಿದ. ಯೋಚಿಸಿ ಹೇಳುತ್ತೇನೆಂದು ಮರಳಿ ಬಂದೆ. ತುಂಡು ನನ್ನ ಮೇಜಿನ ಮೇಲಿದೆ. ಸದ್ಯಕ್ಕೆ ಕಾಗದಗಳು ಹಾರದಂತೆ ಒತ್ತಿಕೊಂಡಿದೆ.